ಒಂದೇ ಗಂಟೆ, ಎರಡು ಸ್ವರ: ಕಂಚು ಹಾಡುವ ಬಗೆ

ರೋಣ, ನರಗುಂದ, ಗಜೇಂದ್ರಗಡದ ಕಡೆ ಗುಡಿಗೆ ಹೊಸ ಗಂಟೆ ತರಬೇಕೆಂದರೆ ಮೊದಲು ಓಣಿಯಲ್ಲಿ ಪಟ್ಟಿ ಎತ್ತುತ್ತಾರೆ. ದುಡ್ಡು ಕೂಡಿದ ಮೇಲೆ ನಾಲ್ಕು ಮಂದಿ ಹಿರಿಯರು ಗದಗಿಗೋ ಹುಬ್ಬಳ್ಳಿಗೋ ಹೊರಡುತ್ತಾರೆ. ಅಂಗಡಿಯಲ್ಲಿ ಅವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಕಿಲೋ ಐತಿ?’ ಎರಡನೆಯದು ‘ಕಿಲೋಕ್ಕ ಏನ್ ರೇಟು?’ ಈ ಗಂಟೆ ಯಾವ ಸ್ವರದಲ್ಲಿ ನುಡಿಯುತ್ತದೆ ಎಂದು ಕೇಳುವವರು ಬಹಳ ಕಡಿಮೆ.

ಗಂಟೆಗೂ ಸ್ವರ ಇರುತ್ತದೆಯೇ ಎಂದು ನೀವು ಕೇಳಬಹುದು. ಇರುತ್ತದೆ. ಅದನ್ನು ಮೊದಲೇ ಗೊತ್ತು ಮಾಡಿ ಎರಕ ಹೊಯ್ಯಲೂಬಹುದು. ಚೀನಾದ ಕಂಚುಗಾರರು ಸುಮಾರು 2,450 ವರ್ಷಗಳ ಹಿಂದೆಯೇ ಅದನ್ನು ಮಾಡಿ ತೋರಿಸಿದ್ದಾರೆ. ಅವರ ಒಂದೊಂದು ಗಂಟೆಯೂ ಒಂದಲ್ಲ, ಎರಡು ಸ್ವರ ನುಡಿಯುತ್ತದೆ. ಅದು ಹೇಗೆ ಸಾಧ್ಯ ಎಂಬುದು ತಿಳಿದರೆ ನಮ್ಮ ಗುಡಿಯ ಗಂಟೆ ಏಕೆ ಹಾಗೆ ಮೊರೆಯುತ್ತದೆ, ಹೊಸದು ಕೊಳ್ಳುವಾಗ ಏನು ನೋಡಬೇಕು ಎಂಬುದೂ ತಿಳಿಯುತ್ತದೆ.

ಅದು ಯಾವ ವಾದ್ಯ?

ಚೀನೀ ಭಾಷೆಯಲ್ಲಿ ಅದರ ಹೆಸರು ಬಿಯಾನ್‌ಝೋಂಗ್. ಸಾಲಾಗಿ ತೂಗುಹಾಕಿದ ಗಂಟೆಗಳ ಜೋಡಣೆ ಎಂದು ತಿಳಿಯಿರಿ. ಇವುಗಳಲ್ಲೆಲ್ಲ ಬಹಳ ಹೆಸರಾದದ್ದು ಹುಬೆಯ್ ಪ್ರಾಂತ್ಯದ ಸುಯ್‌ಝೌ ಊರಿನ ಬಳಿ ಸಿಕ್ಕಿತು. 1977ರಲ್ಲಿ ಸೈನಿಕರು ಕಟ್ಟಡಕ್ಕಾಗಿ ಗುಡ್ಡ ಸಮಮಾಡುವಾಗ ಒಂದು ದೊಡ್ಡ ಗೋರಿಯ ಸುಳಿವು ಹತ್ತಿತು. 1978ರಲ್ಲಿ ಅಗೆದರು. ಒಳಗೆ ನೀರು ತುಂಬಿತ್ತು. ನೀರು ಖಾಲಿ ಮಾಡುತ್ತ ಹೋದಂತೆ ಮರದ ತೊಲೆಗಳು ಕಂಡವು. ಅವುಗಳಿಗೆ ಗಂಟೆಗಳು ಇನ್ನೂ ತೂಗಾಡುತ್ತಲೇ ಇದ್ದವು.

ಆ ಗೋರಿ ಝೆಂಗ್ ಎಂಬ ಸಂಸ್ಥಾನದ ಅರಸ ಯಿ ಎಂಬವನದು. ದೊಡ್ಡ ರಾಜ್ಯಗಳ ನಡುವೆ ನಮ್ಮ ನರಗುಂದ ಸಂಸ್ಥಾನ ಹೇಗೆ ಚಿಕ್ಕದಾಗಿತ್ತೋ ಹಾಗೆ ಝೆಂಗ್ ಕೂಡ ಚಿಕ್ಕದು. ಪಕ್ಕದಲ್ಲೇ ಚು ಎಂಬ ಬಲಿಷ್ಠ ರಾಜ್ಯ. ಆದರೂ ಆ ಚಿಕ್ಕ ಅರಸನ ಗೋರಿಯಲ್ಲಿ ಇದ್ದದ್ದು 65 ಗಂಟೆ. ಮೂರು ಅಂತಸ್ತು. ಮೇಲಿನ ಸಾಲಿನಲ್ಲಿ 19 ಸಣ್ಣವು, ನಡುವೆ 33, ಕೆಳಗೆ 13 ದೊಡ್ಡವು. ಅತಿ ಚಿಕ್ಕ ಗಂಟೆಯ ತೂಕ 2.4 ಕಿಲೋ, ಅತಿ ದೊಡ್ಡದರ ತೂಕ 203.6 ಕಿಲೋ. ಎಲ್ಲ ಸೇರಿ ಸುಮಾರು 2,500 ಕಿಲೋ ಕಂಚು. ಇಷ್ಟನ್ನೂ ಹೊತ್ತ ತೊಲೆಗಳು ಒಂದು ಮೂಲೆಯಲ್ಲಿ ಮಡಚಿಕೊಂಡು ಕೋಣೆಯ ಎರಡು ಬದಿಗೆ ಚಾಚಿವೆ. ಸೊಂಟಕ್ಕೆ ಕತ್ತಿ ಕಟ್ಟಿದ ಕಂಚಿನ ಆಳುಗಳು ತಲೆ ಮತ್ತು ಕೈಗಳಿಂದ ತೊಲೆಯನ್ನು ಎತ್ತಿ ನಿಂತಿದ್ದಾರೆ.

ನಮ್ಮ ಗಂಟೆಗೂ ಇವಕ್ಕೂ ಹೊರನೋಟದಲ್ಲೇ ಮೂರು ವ್ಯತ್ಯಾಸಗಳಿವೆ. ಒಂದು, ಒಳಗೆ ನಾಲಗೆ ಇಲ್ಲ. ಹೊರಗಿನಿಂದ ಮರದ ಕೊಡತಿಯಲ್ಲಿ ಬಾರಿಸುತ್ತಾರೆ. ಎರಡು, ಬಾಯಿ ದುಂಡಗಿಲ್ಲ. ಎರಡೂ ಬದಿಯಿಂದ ಅಮುಕಿದಂತೆ ಬಾದಾಮಿ ಆಕಾರದಲ್ಲಿದೆ, ಎರಡು ತುದಿ ಚೂಪು. ಮೂರು, ನಡುವಿನ ಮತ್ತು ಕೆಳಗಿನ ಸಾಲಿನ ಬಹುಪಾಲು ಗಂಟೆಗಳ ಮೈಮೇಲೆ 36 ಮೊಲೆಗುಬ್ಬಿಗಳಿವೆ. ಅವು ಅಲಂಕಾರಕ್ಕೆ ಎಂದು ಅನ್ನಿಸುತ್ತದೆ. ಸದ್ದು ಬೇಗ ಅಡಗಲು ಅವೂ ನೆರವಾಗುತ್ತವೆ ಎಂಬುದು ಧ್ವನಿಶಾಸ್ತ್ರ ಬಲ್ಲವರ ಅಭಿಪ್ರಾಯ.

ಸದ್ದು ಬೇಗ ಅಡಗುವುದು ಒಳ್ಳೆಯದೇ? ಗುಡಿಯ ಗಂಟೆಗೆ ಒಳ್ಳೆಯದಲ್ಲ. ಹಾಡು ನುಡಿಸುವ ಗಂಟೆಗೆ ಬೇಕೇ ಬೇಕು. ಹಿಂದಿನ ಸ್ವರ ಮೊರೆಯುತ್ತಲೇ ಇದ್ದರೆ ಮುಂದಿನ ಸ್ವರ ಅದರಲ್ಲಿ ಮುಳುಗಿಹೋಗುತ್ತದೆ. ದುಂಡು ಗಂಟೆ ಬಹಳ ಹೊತ್ತು ಮೊರೆಯುತ್ತದೆ. ಬಾದಾಮಿ ಆಕಾರದ ಗಂಟೆ ಬೇಗ ಸುಮ್ಮನಾಗುತ್ತದೆ. ಆ ಆಕಾರವನ್ನು ಆಯ್ದುಕೊಂಡವರಿಗೆ ತಮಗೆ ಬೇಕಾದದ್ದು ಏನೆಂದು ಚೆನ್ನಾಗಿ ಗೊತ್ತಿತ್ತು.

ಒಂದು ಕಪ್ಪು, ಒಂದು ಚಮಚ

ಎರಡು ಸ್ವರದ ಗುಟ್ಟು ತಿಳಿಯಲು ಚೀನಾಕ್ಕೆ ಹೋಗಬೇಕಿಲ್ಲ. ಮನೆಯಲ್ಲಿ ಹಿಡಿಕೆ ಇರುವ ದಪ್ಪನೆಯ ಪಿಂಗಾಣಿ ಕಪ್ಪು ಇದ್ದರೆ ಸಾಕು. ಚಹಾ ಕುಡಿದು, ತೊಳೆದು, ಖಾಲಿ ಕಪ್ಪನ್ನು ಮೇಜಿನ ಮೇಲಿಡಿ. ಮೇಲಿನಿಂದ ನೋಡಿದಾಗ ಅದರ ಬಾಯಿಯನ್ನು ಗಡಿಯಾರ ಎಂದುಕೊಳ್ಳಿ. ಹಿಡಿಕೆ 3ರ ಕಡೆ ಇರಲಿ.

ಈಗ ಚಮಚದ ತುದಿಯಿಂದ 9ರ ಜಾಗದಲ್ಲಿ ಅಂಚಿಗೆ ಮೆಲ್ಲಗೆ ತಟ್ಟಿ. ಒಂದು ಸ್ವರ ಕೇಳುತ್ತದೆ. 12ರಲ್ಲಿ ತಟ್ಟಿ, 6ರಲ್ಲಿ ತಟ್ಟಿ. ಅದೇ ಸ್ವರ. ಈಗ 9 ಮತ್ತು 12ರ ನಟ್ಟನಡುವೆ ತಟ್ಟಿ. ಸ್ವರ ಮೇಲೇರುತ್ತದೆ! ಇನ್ನೊಮ್ಮೆ ಮಾಡಿ ನೋಡಿ. ಮಕ್ಕಳ ಕೈಯಲ್ಲಿ ಮಾಡಿಸಿ. ಕಪ್ಪು ಒಂದೇ, ಸ್ವರ ಎರಡು.

ಕಾರಣ ಇಷ್ಟು. ತಟ್ಟಿದಾಗ ಕಪ್ಪಿನ ದುಂಡು ಬಾಯಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಮರುಕ್ಷಣ ಅಡ್ಡಕ್ಕೆ ಹಿಗ್ಗುತ್ತದೆ. ಉದ್ದ, ಅಡ್ಡ, ಉದ್ದ, ಅಡ್ಡ. ಸೆಕೆಂಡಿಗೆ ಎಷ್ಟೋ ಸಲ. ಇದನ್ನೇ ಕಂಪನ ಎನ್ನುತ್ತಾರೆ. ಸೆಕೆಂಡಿಗೆ ಎಷ್ಟು ಸಲ ಎಂಬ ಲೆಕ್ಕಕ್ಕೆ ಹರ್ಟ್ಸ್ ಎಂದು ಹೆಸರು. ಲೆಕ್ಕ ಹೆಚ್ಚಾದಷ್ಟೂ ಸ್ವರ ಏರುತ್ತದೆ. ಹೀಗೆ ಹಿಗ್ಗಿ ಕುಗ್ಗುವಾಗ ಅಂಚಿನ ಮೇಲೆ ನಾಲ್ಕು ಜಾಗಗಳು ಮಾತ್ರ ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ಇವಕ್ಕೆ ನೋಡ್ ಎನ್ನುತ್ತಾರೆ, ಎಂದರೆ ಅಲುಗದ ಜಾಗ.

ನೀವು 9ರಲ್ಲಿ ತಟ್ಟಿದಾಗ ಹಿಡಿಕೆ ಅಲುಗುವ ಜಾಗದಲ್ಲಿರುತ್ತದೆ. ಅದರ ಭಾರವನ್ನೂ ಹೊತ್ತು ಅಂಚು ಅಲುಗಬೇಕು. ಹಾಗಾಗಿ ಕಂಪನ ನಿಧಾನ, ಸ್ವರ ಕೆಳಗೆ. ನಡುವೆ ತಟ್ಟಿದಾಗ ಅಲುಗದ ಜಾಗ ಸರಿದು ಹಿಡಿಕೆಯ ಬಳಿಗೆ ಬರುತ್ತದೆ. ಹಿಡಿಕೆಯ ಭಾರ ಲೆಕ್ಕಕ್ಕೇ ಬರುವುದಿಲ್ಲ. ಕಂಪನ ಚುರುಕಾಗುತ್ತದೆ, ಸ್ವರ ಏರುತ್ತದೆ.

ಚೀನೀ ಗಂಟೆಗೆ ಹಿಡಿಕೆಯ ಬದಲು ಆ ಎರಡು ಚೂಪು ಅಂಚುಗಳೇ ಈ ಕೆಲಸ ಮಾಡುತ್ತವೆ. ಮುಂಭಾಗದ ನಡುವೆ, ಬಾಯಿಗೆ ಹತ್ತಿರ ಬಾರಿಸಿದರೆ ಒಂದು ಬಗೆಯ ಕಂಪನ. ನಡುವಿಗೂ ಚೂಪು ಅಂಚಿಗೂ ಮಧ್ಯೆ, ಬದಿಯಲ್ಲಿ ಬಾರಿಸಿದರೆ ಇನ್ನೊಂದು ಬಗೆ. ಒಂದರ ಅಲುಗದ ಜಾಗದಲ್ಲೇ ಇನ್ನೊಂದನ್ನು ಬಾರಿಸುವ ಜಾಗ ಬರುತ್ತದೆ. ಅದರಿಂದ ಒಂದು ನುಡಿಯುವಾಗ ಇನ್ನೊಂದು ಬಾಯಿ ಹಾಕುವುದಿಲ್ಲ. ಸರಿಯಾದ ಜಾಗ ತಪ್ಪಿ ನಡುವೆ ಎಲ್ಲೋ ಹೊಡೆದರೆ ಎರಡೂ ಕಲಸಿಕೊಂಡು ಕೆಡುತ್ತವೆ. ಬಾರಿಸುವವನಿಗೆ ಕಣ್ಣಳತೆ ಬೇಕು.

ಎರಡು ಸ್ವರಗಳ ನಡುವಿನ ಅಂತರವೂ ಹೇಗೆಂದರೆ ಹಾಗೆ ಬಂದದ್ದಲ್ಲ. ನಡುವಿನ ಸ್ವರ ಸಾ ಆದರೆ ಬದಿಯದು ಕೋಮಲ ಗ, ಇಲ್ಲವೇ ಶುದ್ಧ ಗ. ಲೆಕ್ಕದಲ್ಲಿ ಹೇಳುವುದಾದರೆ ನಡುವೆ 400 ಹರ್ಟ್ಸ್ ಇದ್ದರೆ ಬದಿಯಲ್ಲಿ ಸುಮಾರು 480 ಅಥವಾ 500. ಇದನ್ನು ಬೇಕೆಂದೇ ಸಾಧಿಸಿದ್ದರು ಎಂಬುದಕ್ಕೆ ಗಂಟೆಗಳ ಮೇಲೆಯೇ ಬರಹವಿದೆ. ಯಾವ ಜಾಗದಲ್ಲಿ ಬಾರಿಸಿದರೆ ಯಾವ ಸ್ವರ ಎಂದು ಆಯಾ ಜಾಗದಲ್ಲೇ ಚಿನ್ನ ತುಂಬಿದ ಅಕ್ಷರಗಳಲ್ಲಿ ಕೊರೆದಿದ್ದಾರೆ. ಗಂಟೆಗಳ ಮೇಲೆ ಒಟ್ಟು 2,800ರಷ್ಟು ಅಕ್ಷರಗಳಿವೆ. ಅಲ್ಲಿಯ ಸ್ವರಗಳ ಹೆಸರು, ಅಕ್ಕಪಕ್ಕದ ರಾಜ್ಯಗಳಲ್ಲಿ ಅದೇ ಸ್ವರಕ್ಕೆ ಏನೆನ್ನುತ್ತಾರೆ ಎಂಬುದೂ ಅದರಲ್ಲಿದೆ. ವಾದ್ಯದ ಮೈಮೇಲೇ ಸಂಗೀತದ ಪಾಠ!

ಎರಕದಲ್ಲಿ ತುಸು ಹೆಚ್ಚುಕಡಿಮೆ ಆದದ್ದನ್ನು ಒಳಗಿನಿಂದ ತೇದು ಸರಿಪಡಿಸಿದ್ದಾರೆ. ಹಾಗೆ ತೇದ ಗುರುತುಗಳು ಇಂದಿಗೂ ಕಾಣುತ್ತವೆ. ಯುರೋಪಿನಲ್ಲಿ ಗಂಟೆಗಳ ಸ್ವರವನ್ನು ಹೀಗೆ ಕರಾರುವಾಕ್ಕಾಗಿ ಹದಮಾಡಿ ಸಾಲು ಜೋಡಿಸಿದ್ದು 1644ರ ಹೊತ್ತಿಗೆ, ನೆದರ್‌ಲ್ಯಾಂಡ್ಸ್‌ನ ಹೆಮೋನಿ ಅಣ್ಣತಮ್ಮಂದಿರ ಕಾಲಕ್ಕೆ.

ಹಾಗಾದರೆ ನಮ್ಮ ಗುಡಿಯ ಗಂಟೆ?

ನಮ್ಮದು ದುಂಡು. ದುಂಡಗಿರುವುದಕ್ಕೆ ಎಲ್ಲಿ ಬಾರಿಸಿದರೂ ಒಂದೇ ಸ್ವರ ಬರಬೇಕು. ಆದರೆ ಕೈಯಿಂದ ಮಾಡಿದ ಯಾವ ಗಂಟೆಯೂ ನೂರಕ್ಕೆ ನೂರು ದುಂಡಗಿರುವುದಿಲ್ಲ. ಒಂದು ಕಡೆ ಕೂದಲೆಳೆ ದಪ್ಪ, ಒಂದು ಕಡೆ ತೆಳು. ಆ ಕಾರಣಕ್ಕೆ ಇಲ್ಲಿಯೂ ಎರಡು ಸ್ವರಗಳಿರುತ್ತವೆ. ಆದರೆ ಬಹಳ ಹತ್ತಿರ ಹತ್ತಿರ. ಒಂದು 400 ಹರ್ಟ್ಸ್, ಇನ್ನೊಂದು 402 ಎನ್ನಿ. ಎರಡೂ ಕೂಡಿ ನುಡಿದಾಗ ಸದ್ದು ಸೆಕೆಂಡಿಗೆ ಎರಡು ಸಲ ಏರಿ ಇಳಿಯುತ್ತದೆ. ಗುಡಿಯ ಗಂಟೆ ಬಾರಿಸಿ ಕೈಬಿಟ್ಟ ಮೇಲೆ ‘ವೊಂವ್… ವೊಂವ್… ವೊಂವ್’ ಎಂದು ತೂಗಿದಂತೆ ಕೇಳುತ್ತದಲ್ಲ, ಅದು ಇದೇ. ಹಿಂದೂಸ್ತಾನಿ ಸಂಗೀತಗಾರರೂ ನಮ್ಮ ತಂಬೂರಿ ಮೇಳವಿಸುವವರೂ ಈ ಅಲೆಯನ್ನು ಕಿವಿಯಿಂದಲೇ ಹಿಡಿಯುತ್ತಾರೆ.

ನಮ್ಮ ಗಂಟೆಯಲ್ಲಿ ಅಲೆಯಾಗಿ ಕೇಳುವುದನ್ನೇ ಚೀನಾದವರು ಆಕಾರ ಬದಲಿಸಿ, ಅಂತರ ಹಿಗ್ಗಿಸಿ, ಎರಡು ಬೇರೆ ಸ್ವರಗಳಾಗಿ ಬಿಡಿಸಿದರು. ನಮ್ಮವರಿಗೆ ಅದು ಬೇಕಾಗಿರಲಿಲ್ಲ. ಗುಡಿಯ ಗಂಟೆಯ ಕೆಲಸ ಹಾಡುವುದಲ್ಲ. ಒಂದೇ ನಾದ ದೂರ ಹೋಗಬೇಕು, ಹೊತ್ತು ನಿಲ್ಲಬೇಕು. ಎರಡೂ ಕಡೆಯವರು ತಮ್ಮ ಕೆಲಸಕ್ಕೆ ತಕ್ಕ ಆಕಾರವನ್ನೇ ಹಿಡಿದಿದ್ದಾರೆ.

ಈ ಭಾಗದಲ್ಲಿ ಲೋಹದ ಕೆಲಸಕ್ಕೇನೂ ಕೊರತೆಯಿರಲಿಲ್ಲ. ಈಗ ಗಜೇಂದ್ರಗಡ ತಾಲ್ಲೂಕಿಗೆ ಸೇರಿದ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಟಂಕಸಾಲೆ ಇತ್ತು, ಲಕ್ಕುಂಡಿಯಲ್ಲಿಯೂ ಇತ್ತು. ಕಿವಿಗೂ ಕೊರತೆಯಿಲ್ಲ. ಭೀಮಸೇನ ಜೋಶಿಯವರು ಹುಟ್ಟಿದ್ದು ರೋಣದಲ್ಲಿ, 1922ರಲ್ಲಿ. ಚಿಕ್ಕಂದಿನಲ್ಲಿ ಭಜನೆ, ಬ್ಯಾಂಡಿನ ಮೆರವಣಿಗೆ ಹೊರಟರೆ ಅದರ ಬೆನ್ನು ಹತ್ತಿ ಹೋಗಿ, ದಣಿದು ಎಲ್ಲಾದರೂ ಮಲಗಿಬಿಡುತ್ತಿದ್ದರಂತೆ. ತಂದೆ ಬೇಸತ್ತು ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದು ಕಳಿಸುತ್ತಿದ್ದ ಕಥೆ ಎಲ್ಲರಿಗೂ ಗೊತ್ತು. ಎತ್ತಿನ ಕೊರಳ ಗೆಜ್ಜೆಸರ, ಭಿಕ್ಷೆಗೆ ಬರುವ ಅಯ್ಯನವರ ಕಾಲಿನ ಜಂಗು, ಭಜನೆಯ ತಾಳ, ಮಂಗಳಾರತಿಯ ಜಾಗಟೆ, ಇವೆಲ್ಲ ಇಲ್ಲಿ ದಿನನಿತ್ಯ ಕೇಳುವ ಕಂಚು-ಹಿತ್ತಾಳೆಯ ಸದ್ದುಗಳು. ಯಾವುದನ್ನೂ ಸರಿಗಮಕ್ಕೆ ಹೊಂದಿಸಿ ಸಾಲು ಮಾಡಲಿಲ್ಲ, ಅಷ್ಟೇ.

ಕಲ್ಲಿನ ಮಾತು ಬೇರೆ. ಬಳ್ಳಾರಿ ಹತ್ತಿರ ಸಂಗನಕಲ್ಲು, ಕುಪಗಲ್ಲು ಗುಡ್ಡಗಳಲ್ಲಿ ಕಪ್ಪು ಬಂಡೆಗಳಿವೆ. ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನುಡಿಯುತ್ತವೆ. ನವಶಿಲಾಯುಗದವರು ತಟ್ಟಿ ತಟ್ಟಿ ಗುಳಿ ಬಿದ್ದ ಗುರುತುಗಳು ಅವುಗಳ ಮೇಲಿವೆ. ಚೀನಾದ ಆ ಗೋರಿಯಲ್ಲೂ ಕಂಚಿನ ಗಂಟೆಗಳ ಜೊತೆ ತೂಗುಹಾಕಿ ನುಡಿಸುವ 32 ಕಲ್ಲಿನ ಫಲಕಗಳು ಸಿಕ್ಕಿವೆ. ಹಂಪಿಯ ವಿಠ್ಠಲ ಗುಡಿಯ ಸಂಗೀತದ ಕಂಬಗಳು ನಿಮಗೆ ಗೊತ್ತೇ ಇವೆ. ದಯವಿಟ್ಟು ಅವುಗಳನ್ನು ತಟ್ಟಬೇಡಿ. ತಟ್ಟಿ ತಟ್ಟಿಯೇ ಅವು ಹಾಳಾದದ್ದು. ಈಗ ಅಲ್ಲಿ ಅದಕ್ಕೆ ನಿಷೇಧವಿದೆ.

ಕಂಚು ಯಾವುದು, ಹಿತ್ತಾಳೆ ಯಾವುದು

ಕೊಳ್ಳುವ ಮೊದಲು ಇದನ್ನು ಸರಿಯಾಗಿ ತಿಳಿದುಕೊಳ್ಳಿ. ತಾಮ್ರಕ್ಕೆ ತವರ ಬೆರೆಸಿದರೆ ಕಂಚು. ತಾಮ್ರಕ್ಕೆ ಸತು ಬೆರೆಸಿದರೆ ಹಿತ್ತಾಳೆ. ಅಂಗಡಿಯಲ್ಲಿ ‘ಕಂಚಿನ ಗಂಟೆ’ ಎಂದು ತೋರಿಸುವ ಎಷ್ಟೋ ಗಂಟೆಗಳು ನಿಜವಾಗಿ ಹಿತ್ತಾಳೆಯವು. ಹಿತ್ತಾಳೆ ಗಂಟೆ ಕೆಟ್ಟದ್ದೇನಲ್ಲ. ಅಗ್ಗ, ಬಿದ್ದರೆ ಸುಲಭಕ್ಕೆ ಒಡೆಯುವುದಿಲ್ಲ. ಆದರೆ ನಾದ ಬೇಗ ನಿಲ್ಲುತ್ತದೆ.

ಗಂಟೆಗೆ ಹೇಳಿಮಾಡಿಸಿದ ಕಂಚಿನಲ್ಲಿ ನೂರಕ್ಕೆ 78 ಪಾಲು ತಾಮ್ರ, 22 ಪಾಲು ತವರ ಇರುತ್ತದೆ. ತವರ ಹೆಚ್ಚಿದಷ್ಟೂ ಲೋಹ ಗಟ್ಟಿ, ನಾದ ದೀರ್ಘ, ಜೊತೆಗೆ ಪೆಡಸು. ಕಂಚಿನ ತಾಟು ಕೈಜಾರಿ ಬಿದ್ದರೆ ನೆಗ್ಗುವುದಿಲ್ಲ, ಸೀಳುತ್ತದೆ. ಇದಕ್ಕೇ. ಝೆಂಗ್ ಅರಸನ ಗಂಟೆಗಳಲ್ಲಿ ತವರ ಇದಕ್ಕಿಂತ ಕಡಿಮೆ, ನೂರಕ್ಕೆ 12ರಿಂದ 15ರಷ್ಟು. ತುಸು ಸೀಸವೂ ಇದೆ. ಹೊರಗಿನಿಂದ ಕೊಡತಿಯ ಪೆಟ್ಟು ತಿನ್ನುವ ಗಂಟೆ ಒಡೆಯಬಾರದು, ನಾದ ಬೇಗ ಅಡಗಬೇಕು. ಆ ಎರಡೂ ಗುಣ ಈ ಹದದಲ್ಲಿ ಸಿಗುತ್ತವೆ.

‘ಪಂಚಲೋಹದ್ದು ರೀ, ಅಷ್ಟಧಾತುವಿನದು ರೀ’ ಎಂದು ಹೆಚ್ಚಿನ ರೇಟು ಹೇಳುವವರಿದ್ದಾರೆ. ಭಕ್ತಿಗೆ ಅದು ಬೇಕೆನಿಸಿದರೆ ನಿಮ್ಮ ಇಷ್ಟ. ನಾದಕ್ಕೆ ಬೇಕಾದದ್ದು ತಾಮ್ರ ಮತ್ತು ತವರ. ಉಳಿದ ಲೋಹಗಳಿಂದ ಗಂಟೆ ಹೆಚ್ಚು ಚೆನ್ನಾಗಿ ನುಡಿಯುವುದಿಲ್ಲ.

ಖರ್ಚಿನ ಲೆಕ್ಕ

ಗಂಟೆಯ ಬೆಲೆ ತೂಕದ ಮೇಲೆ. ಲೋಹದ ದರ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಎರಡು ಮೂರು ಕಡೆ ಫೋನಿನಲ್ಲಿ ಕೇಳಿ. ಕಂಚಿನ ರೇಟು ಹಿತ್ತಾಳೆಗಿಂತ ಎಷ್ಟೋ ಹೆಚ್ಚಿರುತ್ತದೆ, ಏಕೆಂದರೆ ತವರ ತಾಮ್ರಕ್ಕಿಂತ ದುಬಾರಿ, ಸತು ತಾಮ್ರಕ್ಕಿಂತ ಅಗ್ಗ. ಕಂಚು ಎಂದು ಹೇಳಿ ಹಿತ್ತಾಳೆಯ ರೇಟು ಹೇಳಿದರೆ ಅಲ್ಲೇ ಅನುಮಾನ ಪಡಿ. ಲೋಹದ ಬೆಲೆಯ ಮೇಲೆ ಮಜೂರಿ, ತೆರಿಗೆ, ಸಾಗಣೆ ಸೇರುತ್ತವೆ. ತೂಗುಹಾಕುವ ಸರಪಳಿ, ಕಬ್ಬಿಣದ ಚೌಕಟ್ಟಿನ ಖರ್ಚು ಬೇರೆ.

ತೂಕ ಮಾಡುವಾಗ ಒಂದು ಕಡೆ ಕಣ್ಣಿಡಿ. ಒಳಗಿನ ನಾಲಗೆ, ಮೇಲಿನ ಕೊಂಡಿ ಕಬ್ಬಿಣದವಾಗಿದ್ದರೆ ಅವನ್ನು ಕಳಚಿ ಗಂಟೆಯನ್ನಷ್ಟೇ ತೂಗಿಸಿ. ಇಲ್ಲದಿದ್ದರೆ ಕಬ್ಬಿಣಕ್ಕೂ ಕಂಚಿನ ರೇಟು ಕೊಟ್ಟಂತಾಗುತ್ತದೆ. ದೊಡ್ಡ ಗಂಟೆಯಲ್ಲಿ ನಾಲಗೆಯೇ ಕಿಲೋಗಟ್ಟಲೆ ಇರುತ್ತದೆ. ಬಿಲ್ಲಿನಲ್ಲಿ ‘ಕಂಚು’ ಎಂದು ಬರೆಸಿಕೊಳ್ಳಿ. ಆರ್ಡರ್ ಕೊಟ್ಟು ಮಾಡಿಸುವುದಾದರೆ ತಾಮ್ರ ಎಷ್ಟು ಪಾಲು, ತವರ ಎಷ್ಟು ಪಾಲು ಎಂಬುದನ್ನೂ ಬರೆಸಿ.

ಸ್ವರಕ್ಕೂ ತೂಕಕ್ಕೂ ಏನು ಸಂಬಂಧ? ಆಕಾರ ಒಂದೇ ಇಟ್ಟು ಅಳತೆಯೆಲ್ಲ ಎರಡು ಪಟ್ಟು ಮಾಡಿದರೆ ಸ್ವರ ಸರಿಯಾಗಿ ಒಂದು ಸಪ್ತಕ ಕೆಳಗಿಳಿಯುತ್ತದೆ. ತೂಕ ಮಾತ್ರ ಎಂಟು ಪಟ್ಟಾಗುತ್ತದೆ. ಮೇಲಿನ ಸಾ ನುಡಿಯುವ ಗಂಟೆ 1 ಕಿಲೋ ಇದ್ದರೆ ಕೆಳಗಿನ ಸಾ 8 ಕಿಲೋ. ನಡುವಿನ ಪ ಸುಮಾರು 2.4 ಕಿಲೋ, ಮ 3.4 ಕಿಲೋ, ಗ 4.1 ಕಿಲೋ. ಸಾ ಇಂದ ಸಾ ವರೆಗೆ ಎಂಟು ಗಂಟೆಗಳ ಒಂದು ಸಾಲು ಮಾಡಿಸಿದರೆ ಒಟ್ಟು 27 ಕಿಲೋಗಿಂತ ಹೆಚ್ಚು ಕಂಚು ಬೇಕು. ಒಂದೊಂದು ಗಂಟೆಯಲ್ಲೂ ಎರಡು ಸ್ವರ ಹಿಡಿದರೆ ಎಷ್ಟು ಲೋಹ ಉಳಿಯುತ್ತದೆ ನೋಡಿ.

ಇದೇ ಲೆಕ್ಕವನ್ನು ಝೆಂಗ್ ಅರಸನ ಗಂಟೆಗಳಿಗೆ ಹಚ್ಚಿದರೆ ಅಚ್ಚರಿಯಾಗುತ್ತದೆ. ಅವು ಐದು ಸಪ್ತಕಕ್ಕೂ ಹೆಚ್ಚು ವ್ಯಾಪಿಸಿವೆ. 2.4 ಕಿಲೋದಿಂದ ಶುರುಮಾಡಿ ಸಪ್ತಕಕ್ಕೆ ಎಂಟು ಪಟ್ಟಿನಂತೆ ಐದು ಸಪ್ತಕ ಇಳಿದರೆ ಕೊನೆಯ ಗಂಟೆ ಸುಮಾರು 79 ಟನ್ ತೂಗಬೇಕು. ಅದು ತೂಗುವುದು 203.6 ಕಿಲೋ ಮಾತ್ರ. ಗೋಡೆಯ ದಪ್ಪ ಕಡಿಮೆ ಮಾಡಿದರೂ ಸ್ವರ ಇಳಿಯುತ್ತದೆ. ದೊಡ್ಡ ಗಂಟೆಗಳನ್ನು ಗಾತ್ರಕ್ಕೆ ಹೋಲಿಸಿದರೆ ತೆಳುವಾಗಿ, ಸಣ್ಣವನ್ನು ದಪ್ಪವಾಗಿ ಎರೆದು ಆ ಕಂಚುಗಾರರು ಇದನ್ನು ಗೆದ್ದರು. ಯಂತ್ರ ಯಾವುದೂ ಇಲ್ಲದೆ, ಮಣ್ಣಿನ ಅಚ್ಚುಗಳನ್ನು ತುಂಡು ತುಂಡಾಗಿ ಜೋಡಿಸಿ ಮಾಡಿದ ಕೆಲಸವಿದು.

ಅಂಗಡಿಯಲ್ಲಿ ಏನು ಮಾಡಬೇಕು

ಹಾರ್ಮೋನಿಯಂ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ನಮ್ಮ ಕಡೆ ಊರಿಗೊಬ್ಬರು ನಾಟಕದ ಮಾಸ್ತರರು, ಭಜನೆಯ ಪೇಟಿ ಮಾಸ್ತರರು ಇದ್ದೇ ಇರುತ್ತಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ಸಿಕ್ಕರೆ ಇನ್ನೂ ಒಳ್ಳೆಯದು. ಅವರ ಕಿವಿ ಯಾವ ಯಂತ್ರಕ್ಕೂ ಕಡಿಮೆಯಲ್ಲ. ಯಾರೂ ಸಿಗದಿದ್ದರೆ ಫೋನಿನಲ್ಲಿ ಟ್ಯೂನರ್ ಎಂಬ ಆ್ಯಪ್ ಹಾಕಿಕೊಳ್ಳಿ. ಕೇಳಿದ ಸದ್ದಿನ ಸ್ವರ ಯಾವುದೆಂದು ಅದು ತೋರಿಸುತ್ತದೆ. ಪುಕ್ಕಟೆ ಸಿಗುತ್ತದೆ.

ಗಂಟೆಯನ್ನು ಕೈಯಲ್ಲಿ ಹಿಡಿದು ಬಾರಿಸಬೇಡಿ. ಹಗ್ಗಕ್ಕೆ ಕಟ್ಟಿ, ಯಾವುದಕ್ಕೂ ತಾಗದಂತೆ ತೂಗಿಬಿಡಿ. ಮರದ ಕೋಲಿನಿಂದ ಅಂಚಿನ ದಪ್ಪ ಜಾಗಕ್ಕೆ ಒಂದು ಪೆಟ್ಟು. ಮೊದಲ ಠಣತ್ಕಾರ ಹೋಗಲಿ, ಅದನ್ನು ಲೆಕ್ಕಿಸಬೇಡಿ. ಆಮೇಲೆ ಉಳಿಯುವ ಗುಂಗನ್ನು ಕೇಳಿ. ಅದು ಕರಗುವವರೆಗೆ ಸುಮ್ಮನೆ ನಿಲ್ಲಿ. ಸುತ್ತ ನಾಲ್ಕು ಕಡೆ ಹೀಗೆ ಬಾರಿಸಿ ನೋಡಿ. ಅಲೆ ನಿಧಾನವಾಗಿ ತೂಗಿದರೆ ಎರಕ ಸಮನಾಗಿದೆ. ಬಡಬಡ ಅದುರಿದರೆ ಒಂದು ಬದಿ ದಪ್ಪ, ಒಂದು ಬದಿ ತೆಳು ಇದೆ ಎಂದು ತಿಳಿಯಿರಿ. ‘ಜರ್‌ರ್’ ಎಂಬ ಒಡಕು ಸದ್ದು ಬಂದರೆ ಕಣ್ಣಿಗೆ ಕಾಣದ ಸೀಳಿದೆ. ಅದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ.

ಒಂದೇ ಅಚ್ಚಿನ ಎರಡು ಗಂಟೆಗಳೂ ಒಂದೇ ಸ್ವರ ನುಡಿಯುವುದಿಲ್ಲ. ಆದ್ದರಿಂದ ಮೂರು ನಾಲ್ಕು ಬಾರಿಸಿ ನೋಡಿಯೇ ಆರಿಸಿ. ನಿಮ್ಮ ಭಜನಾ ಮಂಡಳಿ ಹಾಡುವುದು ಕಪ್ಪು ಎರಡರಲ್ಲಿಯಾದರೆ ಅದರ ಸಾ ಅಥವಾ ಪ ನುಡಿಯುವ ಗಂಟೆ ಹುಡುಕಿ. ಆರತಿಯ ಹೊತ್ತಿಗೆ ಹಾಡು, ಪೇಟಿ, ಗಂಟೆ ಒಂದಕ್ಕೊಂದು ಒಗ್ಗಿದರೆ ಗುಡಿಯ ಒಳಗಿನ ಗದ್ದಲವೇ ಸಂಗೀತವಾಗುತ್ತದೆ. ಇದಕ್ಕೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ.

ಎಲ್ಲಿ ಸಿಗುತ್ತದೆ? ಗದಗ-ಬೆಟಗೇರಿಯ ಪಾತ್ರೆ ಅಂಗಡಿಗಳಲ್ಲಿ ಸಣ್ಣ ಗಂಟೆ, ಜಾಗಟೆ, ತಾಳ ಸಿಗುತ್ತವೆ. ಹುಬ್ಬಳ್ಳಿಯ ಕಂಚಗಾರ ಗಲ್ಲಿಯಲ್ಲಿ ವಿಚಾರಿಸಿ. ರಾಜ್ಯದೊಳಗೆ ಎರಕದ ಕೆಲಸಕ್ಕೆ ಮಂಡ್ಯ ಜಿಲ್ಲೆಯ ನಾಗಮಂಗಲ ಹೆಸರಾಗಿದೆ. ಹೊರಗೆ ತಮಿಳುನಾಡಿನ ಕುಂಭಕೋಣ, ಕೇರಳದ ಮಾನ್ನಾರ್, ಉತ್ತರ ಪ್ರದೇಶದ ಜಲೇಸರ ಗಂಟೆಗಳಿಗೆ ಪ್ರಸಿದ್ಧ. ದೂರದಿಂದ ತರಿಸುವುದಾದರೆ ಹಣ ಪೂರ್ತಿ ಕೊಡುವ ಮುನ್ನ ಗಂಟೆ ಬಾರಿಸಿದ ಸದ್ದನ್ನು ಫೋನಿನಲ್ಲಿ ಕೇಳಿಸಲು ಹೇಳಿ.

ತಂದ ಮೇಲೆ ಬಣ್ಣ ಬಳಿಯಬೇಡಿ, ನಾದ ಮಂಕಾಗುತ್ತದೆ. ಹುಣಸೆಹಣ್ಣಿನಿಂದ ಉಜ್ಜಿದರೆ ಸಾಕು. ಈಗ ಬಹಳ ಗುಡಿಗಳಲ್ಲಿ ಕರೆಂಟಿನಿಂದ ನಗಾರಿ-ಗಂಟೆ ಬಾರಿಸುವ ಯಂತ್ರ ಬಂದಿದೆ. ಅದಕ್ಕೆ ಹಳೆಯ ಕಂಚಿನ ಗಂಟೆ ಕಟ್ಟಬೇಡಿ. ಒಂದೇ ಜಾಗಕ್ಕೆ ದಿನವೂ ಬಿರುಸಿನ ಪೆಟ್ಟು ಬಿದ್ದು ಸೀಳುವ ಭಯವಿದೆ.

ಶಾಲೆಗೆ ಗಂಟೆಸಾಲು ಬೇಕೆನ್ನುವ ಮಾಸ್ತರರಿಗೆ 27 ಕಿಲೋ ಕಂಚು ದುಬಾರಿಯಾಗಬಹುದು. ಜಲತರಂಗದಿಂದ ಶುರುಮಾಡಿ. ಬೇರೆ ಬೇರೆ ಗಾತ್ರದ ಎಂಟು ಪಿಂಗಾಣಿ ಬಟ್ಟಲು ಸಾಲಾಗಿಡಿ. ನೀರು ಹಾಕಿದಷ್ಟೂ ಸ್ವರ ಇಳಿಯುತ್ತದೆ. ಪೇಟಿಗೆ ಹೊಂದಿಸಿಕೊಂಡು ಚಮಚದಿಂದಲೇ ನೀರು ಹೆಚ್ಚುಕಡಿಮೆ ಮಾಡಿ. ಗಂಟೆಯ ಅಂಚು ಅಲುಗುವ ಬಗೆಯೂ ಬಟ್ಟಲಿನ ಅಂಚು ಅಲುಗುವ ಬಗೆಯೂ ಒಂದೇ. ವಿಜ್ಞಾನದ ತರಗತಿ, ಸಂಗೀತದ ತರಗತಿ ಎರಡಕ್ಕೂ ಆಗುತ್ತದೆ.

ಝೆಂಗ್ ಅರಸನ ಗಂಟೆಗಳನ್ನು ಕಣ್ಣಾರೆ ನೋಡಬೇಕೆಂದರೆ ವೂಹಾನ್ ನಗರದ ಹುಬೆಯ್ ಪ್ರಾಂತೀಯ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. 1978ರ ಆಗಸ್ಟ್‌ನಲ್ಲಿ ಮೂಲ ಗಂಟೆಗಳನ್ನೇ ನುಡಿಸಿ ಕೇಳಿಸಿದ್ದರು. ಈಗ ಅವನ್ನು ಮುಟ್ಟುವುದಿಲ್ಲ. ತದ್ರೂಪ ಎರಕ ಹೊಯ್ದು ಮಾಡಿದ ಇನ್ನೊಂದು ಸೆಟ್ಟನ್ನು ಅಲ್ಲಿ ನುಡಿಸುತ್ತಾರೆ. ಅಂತರ್ಜಾಲದಲ್ಲಿ ಅದರ ವಿಡಿಯೋಗಳು ಧಾರಾಳವಾಗಿವೆ. ನೋಡುವಾಗ ಕೆಳಗಿನ ಸಾಲಿನವರ ಕೈ ಗಮನಿಸಿ. ಉದ್ದನೆಯ ತೊಲೆ ಹಿಡಿದು ದೊಡ್ಡ ಗಂಟೆಗಳನ್ನು ಬಾರಿಸುವವರು ಅವರೇ. ನಡುವೆ ಒಮ್ಮೆ, ಬದಿಗೆ ಒಮ್ಮೆ ಪೆಟ್ಟು ಬೀಳುವುದು ಸ್ಪಷ್ಟವಾಗಿ ಕಾಣುತ್ತದೆ.

ಒಂದು ಕೋರಿಕೆ ಉಳಿದಿದೆ. ಆ ಗೋರಿ ಯಾವ ಕಾಲದ್ದು ಎಂಬುದು ನಮಗೆ ಗೊತ್ತಾದದ್ದು ಒಂದು ಗಂಟೆಯಿಂದ. ಕೆಳಗಿನ ಸಾಲಿನ ನಡುವೆ ಬೇರೆ ಆಕಾರದ ಒಂದು ಗಂಟೆ ತೂಗುತ್ತಿದೆ. ಚು ರಾಜ ಹುಯ್ ತನ್ನ ಆಳ್ವಿಕೆಯ 56ನೆಯ ವರ್ಷ, ಎಂದರೆ ಕ್ರಿ.ಪೂ. 433ರಲ್ಲಿ, ಅದನ್ನು ಕಾಣಿಕೆಯಾಗಿ ಮಾಡಿಸಿಕೊಟ್ಟ ಎಂದು ಅದರ ಮೇಲೆ ಬರೆದಿದೆ. ನಿಮ್ಮೂರ ಗುಡಿಯ, ಮಠದ ಹಳೆಯ ಗಂಟೆಯನ್ನೂ ಒಮ್ಮೆ ಒರೆಸಿ ನೋಡಿ. ಅಂಚಿನ ಮೇಲೆ, ಒಳಗೆ, ಕೊಂಡಿಯ ಬುಡದಲ್ಲಿ ಯಾರದಾದರೂ ಹೆಸರು, ಇಸವಿ ಇದೆಯೇ ಹುಡುಕಿ. ಇದ್ದರೆ ಫೋಟೋ ತೆಗೆದು ಗುಡಿಯ ದಫ್ತರದಲ್ಲಿ ಬರೆದಿಡಿ. ಗಂಟೆ ಒಡೆದಿದ್ದರೆ ಬೆಸುಗೆ ಹಾಕಿಸಬೇಡಿ. ಹೋದ ನಾದ ಸಾಮಾನ್ಯ ಬೆಸುಗೆಯಿಂದ ಮರಳಿ ಬರುವುದಿಲ್ಲ. ಬರಹವಿಲ್ಲದ್ದನ್ನು ಕರಗಿಸಿ ಅದೇ ಕಂಚಿನಿಂದ ಹೊಸದು ಎರೆಸಿ, ಲೋಹದ ಖರ್ಚು ಉಳಿಯುತ್ತದೆ. ಬರಹವಿದ್ದದ್ದನ್ನು ಮಾತ್ರ ಕರಗಿಸಬೇಡಿ, ಮೋಡಕಾದವರಿಗೂ ಹಾಕಬೇಡಿ. ಗುಡಿಯಲ್ಲೇ ಒಂದು ಮೂಲೆಯಲ್ಲಿ ಜೋಪಾನವಾಗಿಡಿ.